ಜಾಡು ಹೇಳದ ಮಾತು

ಕಂಪ್ಯೂಟರ್ ಯಾವಾಗ ಚಾಲೂ ಆಯಿತು, ಯಾವ ಫೈಲ್ ತೆರೆಯಿತು, ಯಾವುದು ಅಳಿಸಿಹೋಯಿತು ಎಂದು ಹಿಂದಿನದನ್ನೆಲ್ಲ ಹುಡುಕಿ ತೋರಿಸುವ ತಂತ್ರಾಂಶವೊಂದನ್ನು ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು ತಯಾರಿಸಿತು. ಅದಕ್ಕೆ ‘ಜಾಡು’ ಎಂದು ಹೆಸರಿಟ್ಟರು. ಅದನ್ನು ಬಳಸುವ ಬಗೆ ತಿಳಿಸುವ ಕೈಪಿಡಿ ಬರೆಯುವ ಕೆಲಸ ಮಂದಾಕಿನಿಯದು.

ಮಂದಾಕಿನಿ ಚೆನ್ನಾಗಿ ಬರೆಯುತ್ತಿದ್ದಳು. ಆದರೂ ಮೊದಲ ಪುಟದಲ್ಲೇ ತಡವರಿಸಿದಳು. ‘ಜಾಡು’ ಏನು ಹೇಳುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳುವುದು ಹೇಗೆ? ಮಾಲೀಕ ಹಂಚಿನಾಳರನ್ನು ಕೇಳಿದಳು.

“ಅದರಾಗೇನೈತಿ? ಕಂಪ್ಯೂಟರಿನ್ಯಾಗ ಯಾರು ಏನು ಮಾಡಿದ್ರು ಅಂತ ಹೇಳ್ತೈತಿ. ಹಂಗ ಬರದುಬಿಡವಾ,” ಎಂದರು ಅವರು.

‘ಜಾಡು’ ತೋರಿಸುವ ಪ್ರತಿ ಸಾಲಿನ ಮುಂದೆಯೂ ಒಂದು ಹೆಸರು ಇರುತ್ತಿತ್ತು, ನಿಜ. ಆದರೆ ಆ ಹೆಸರಿನವರೇ ಆ ಕೆಲಸ ಮಾಡಿದ್ದು ಎನ್ನಲು ಬರುತ್ತದೆಯೇ? ಅವಳಿಗೆ ಖಾತ್ರಿ ಇರಲಿಲ್ಲ. ಪರೀಕ್ಷಿಸಿ ನೋಡಲು ಪುರಸೊತ್ತೂ ಇರಲಿಲ್ಲ. ಮಾಲೀಕರು ಹೇಳಿದಂತೆಯೇ ಬರೆದಳು.

ಊರಿನ ಒಂದು ಹೈಸ್ಕೂಲಿನವರು ‘ಜಾಡು’ ತಂತ್ರಾಂಶವನ್ನು ಹಾಕಿಸಿಕೊಂಡರು. ಕೆಲವು ವಾರಗಳ ಮೇಲೆ ಅಲ್ಲಿನ ಮುಖ್ಯೋಪಾಧ್ಯಾಯಿನಿ ಇನಾಮದಾರ ಅಕ್ಕೋರು ಮಂದಾಕಿನಿಗೆ ಹೇಳಿಕಳಿಸಿದರು. ಅವಳು ಹೋದಾಗ ಆಫೀಸಿನಲ್ಲಿ ಟೈಪಿಸ್ಟ್ ಗದಿಗೆಪ್ಪ ತಲೆ ತಗ್ಗಿಸಿ ನಿಂತಿದ್ದ.

“ಗಣಿತದ ಪ್ರಶ್ನೆಪತ್ರಿಕೆ ಪರೀಕ್ಷಾಕ್ಕ ಮೊದಲೇ ಹೊರಗ ಹೋಗ್ಯದ,” ಎಂದರು ಅಕ್ಕೋರು. “ಆ ಫೈಲ್ ಭಾನುವಾರ ತೆರೆದದ್ದು ಇವನ ಹೆಸರಿನ್ಯಾಗ ಅದ. ಕೇಳಿದ್ರ, ಆ ದಿನಾ ನಾ ಸಾಲಿ ಕಡೆ ಬಂದೇ ಇಲ್ಲ ಅಂತಾನ. ಸಂಜಿಗೆ ಆಡಳಿತ ಮಂಡಳಿ ಸೇರ್ತದ. ಇವನ್ನ ಕೆಲಸದಿಂದ ತೆಗೀಬೇಕು ಅಂತ ಎಲ್ಲಾರೂ ಹೇಳ್ಲಿಕ್ಕತ್ತಾರ. ಯಾರು ಏನು ಮಾಡಿದ್ರು ಅಂತ ಇದು ಹೇಳ್ತದ ಅಂತ ನೀವೇ ಬರದೀರಿ. ಹೌದಲ್ಲ?”

ಮಂದಾಕಿನಿ ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕುಳಿತಳು. ಅವಳು ಪರದೆ ನೋಡಿದಳು. ಭಾನುವಾರ, ಮಧ್ಯಾಹ್ನ ಮೂರು ಗಂಟೆ, ಗದಿಗೆಪ್ಪ. ‘ಜಾಡು’ ಸುಳ್ಳು ಹೇಳುವುದಿಲ್ಲ ಎಂದು ಅವಳು ಬಲ್ಲಳು. ಗದಿಗೆಪ್ಪನತ್ತ ತಿರುಗಿದಳು.

“ಆ ದಿನಾ ನಮ್ಮ ತಂಗೀದು ನಿಶ್ಚಿತಾರ್ಥ ಇತ್ತ್ರೀ. ಇಡೀ ದಿನಾ ಮನ್ಯಾಗ ಇದ್ದೆ,” ಎಂದ ಅವನು. ಆ ಮುಖವೂ ಸುಳ್ಳು ಹೇಳುವಂತೆ ಕಾಣಲಿಲ್ಲ.

ಎರಡೂ ನಿಜವಾಗಿರಲು ಹೇಗೆ ಸಾಧ್ಯ? ಪಾಸ್‌ವರ್ಡ್ ಬೇರೆಯವರಿಗೆ ಗೊತ್ತೇ? ಇಲ್ಲ. ಭಾನುವಾರ ಬಾಗಿಲು ಯಾರಾದರೂ ತೆಗೆದಿದ್ದರೇ? ಕೀಲಿಕೈ ಅಕ್ಕೋರ ಮನೆಯಲ್ಲೇ ಇತ್ತು. ಕೇಳಿದಷ್ಟೂ ಗೋಜಲು ಹೆಚ್ಚಾಯಿತು. ಹಿಂದಿನ ದಿನಗಳ ಸಾಲುಗಳನ್ನೂ ತೆರೆದು ನೋಡಿದಳು. ಅಲ್ಲಿಯೂ ಮೂರು ಗಂಟೆಗೆ ಎಲ್ಲ ಫೈಲ್‌ಗಳ ಮುಂದೆಯೂ ಅವನ ಹೆಸರೇ. ದಿನವೂ ಅದೇ ಹೊತ್ತಿಗೆ ಯಾವ ಮನುಷ್ಯ ಎಲ್ಲ ಫೈಲ್‌ಗಳನ್ನೂ ತೆರೆಯುತ್ತಾನೆ?

“ಅಕ್ಕೋರ, ಮೂರು ಗಂಟೆ ತನಕಾ ಇಲ್ಲೇ ಕೂಡೋಣ್ರಿ. ಯಾರೂ ಕಂಪ್ಯೂಟರ್ ಮುಟ್ಟೂದು ಬ್ಯಾಡ,” ಎಂದಳು.

ಮೂವರೂ ಕುಳಿತರು. ಚಹಾ ಬಂತು. ಏನಾಗುತ್ತದೆಂದು ಮಂದಾಕಿನಿಗೇ ತಿಳಿದಿರಲಿಲ್ಲ. ಏನೂ ಆಗದೆ ಹೋದರೆ ಗದಿಗೆಪ್ಪನ ಗತಿ ಏನು?

ಮೂರು ಹೊಡೆಯಿತು. ಸ್ವಲ್ಪ ತಡೆದು ಅವಳು ‘ಜಾಡು’ ತೆರೆದಳು. ಹೊಸ ಸಾಲುಗಳು ಬಂದಿದ್ದವು. ಪ್ರಶ್ನೆಪತ್ರಿಕೆಯ ಫೈಲ್ ಮತ್ತೆ ತೆರೆದಿತ್ತು. ಮುಂದೆ ಗದಿಗೆಪ್ಪನ ಹೆಸರು.

ಗದಿಗೆಪ್ಪ ಎರಡೂ ಕೈಯಲ್ಲಿ ಚಹಾದ ಕಪ್ ಹಿಡಿದು ಎದುರಿಗೇ ಕುಳಿತಿದ್ದ.

“ಇದೇನ್ ಮಾಯಾ!” ಎಂದರು ಅಕ್ಕೋರು. ಅವರು ಪರದೆ ನೋಡಿದರು, ಗದಿಗೆಪ್ಪನನ್ನು ನೋಡಿದರು, ಮತ್ತೆ ಪರದೆ ನೋಡಿದರು.

ಮಂದಾಕಿನಿ ಹುಡುಕಿದಳು. ಕಡೆಗೆ ಸಿಕ್ಕಿತು. ಫೈಲ್‌ಗಳು ಹಾಳಾದರೆ ಇರಲಿ ಎಂದು ದಿನವೂ ಅವುಗಳ ಪ್ರತಿ ತೆಗೆದಿಡುವ ವ್ಯವಸ್ಥೆಯೊಂದನ್ನು ಶಾಲೆಯವರೇ ಹಿಂದೆ ಹಾಕಿಸಿದ್ದರು. ಅದಕ್ಕಾಗಿಯೇ ಕಂಪ್ಯೂಟರನ್ನು ರಜೆಯಲ್ಲೂ ಬಂದ್ ಮಾಡುತ್ತಿರಲಿಲ್ಲ. ಪ್ರತಿ ತೆಗೆಯಲು ಅದು ಫೈಲ್‌ಗಳನ್ನು ತಾನೇ ತೆರೆಯುತ್ತಿತ್ತು. ಹಾಕಿಸುವಾಗ ಗದಿಗೆಪ್ಪನ ಹೆಸರು ಕೊಟ್ಟಿದ್ದರಿಂದ ಎಲ್ಲವೂ ಅವನ ಲೆಕ್ಕಕ್ಕೇ ಬೀಳುತ್ತಿತ್ತು.

“ಹಂಗಾದ್ರ ಪ್ರಶ್ನೆಪತ್ರಿಕೆ ಹೊರಗ ಹ್ಯಾಂಗ ಹೋತು?” ಎಂದರು ಅಕ್ಕೋರು.

“ಅದು ನನಗೂ ಗೊತ್ತಿಲ್ರಿ, ಜಾಡಿಗೂ ಗೊತ್ತಿಲ್ಲ. ಕೈಪಿಡಿಯಾಗ ನಾ ಬರೆದದ್ದು ತಪ್ಪು,” ಎಂದಳು ಮಂದಾಕಿನಿ.

ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿ, ಯಾರು ಮಾಡಿದ್ದೆಂದು ‘ಜಾಡು’ ಹೇಳದು ಎಂದು ಕೈಪಿಡಿಯಲ್ಲಿ ತಿದ್ದಬೇಕು ಎಂದಳು. “ಹಂಗ ಬರದ್ರ ಯಾರು ತಗೋತಾರವಾ?” ಎಂದು ಹಂಚಿನಾಳರು ಗೊಣಗಿದರು. ಅವಳು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಎಲ್ಲ ಕೇಳಿಸಿಕೊಂಡು ಅವರು “ತಿದ್ದು,” ಎಂದರು.

ಅಕ್ಕೋರು ಎದ್ದು ಗದಿಗೆಪ್ಪನ ಮುಂದೆ ಬಂದು ನಿಂತರು. “ನನ್ನಿಂದ ತಪ್ಪಾತಪಾ. ಮಂಡಳಿ ಮುಂದ ನಾನೇ ಹೇಳ್ತೀನಿ,” ಎಂದರು. ಹೊಸ ಪ್ರಶ್ನೆಪತ್ರಿಕೆ ಮಾಡಿಸಲೂ ಒಪ್ಪಿದರು.

ಗೇಟಿನ ತನಕ ಗದಿಗೆಪ್ಪ ಮಂದಾಕಿನಿಯ ಜೊತೆಗೆ ಬಂದ. ಅವಳು ಕ್ಷಮೆ ಕೇಳಿದಳು. ಅವನು ಸಿಟ್ಟಾಗಲಿಲ್ಲ.

“ಬಯ್ಸಿಕೊಂಡಿದ್ದಕ್ಕ ಅಷ್ಟ ಬ್ಯಾಸರಾಗಲಿಲ್ರಿ,” ಎಂದ. “ಆದ್ರ ನೀವು ಬರೆದದ್ದು ಓದಿದ ಮ್ಯಾಲ, ಭಾನುವಾರ ನಾನೇ ಬಂದು ತೆಗದು ಮರ್ತೀನೇನೋ ಅಂತ ನನಗ ನನ್ನ ಮ್ಯಾಲ ಅನುಮಾನ ಬಂದಿತ್ತ್ರಿ.”

ಮಂದಾಕಿನಿ ಆಫೀಸಿಗೆ ಮರಳಿ, ಕೈಪಿಡಿಯ ಮೊದಲ ಪುಟದಲ್ಲಿ ಆ ಮಾತನ್ನು ಹೊಡೆದುಹಾಕಿ, ಯಾವ ಹೆಸರಿನಲ್ಲಿ ಏನಾಯಿತು ಎಂದಷ್ಟೇ ‘ಜಾಡು’ ಹೇಳುತ್ತದೆ, ಮಾಡಿದವರು ಯಾರೆಂದು ಹೇಳದು ಎಂದು ಬರೆದಳು.

ನೀತಿ: ತಿಳಿದಷ್ಟನ್ನೇ ತಿಳಿದಿದೆ ಎನ್ನಬೇಕು, ತಿಳಿಯದ್ದನ್ನು ತಿಳಿಯದು ಎಂದೇ ಬರೆಯಬೇಕು. ನಾವು ಖಾತ್ರಿಯಿಲ್ಲದೆ ಬರೆದ ಒಂದು ಮಾತನ್ನು ನಂಬಿ, ನಿರಪರಾಧಿಯೊಬ್ಬ ತನ್ನನ್ನೇ ನಂಬದಂತಾಗಬಹುದು.