ನೀರಿನ ಲೆಕ್ಕ ತಪ್ಪಿದ ಬೊಮ್ಮಯ್ಯ

ಹೊಳೆಗೂ ಸೇತುವೆ ಕಟ್ಟಬಹುದು ಅಂತ ಯಾರಿಗೂ ಕನಸಲ್ಲೂ ಬೀಳದಿದ್ದ ಕಾಲ. ಇಸವಿ ಕೇಳಬೇಡಿ, ನನಗೆ ಗೊತ್ತಿಲ್ಲ. ನನಗೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ. ಹೊಳೆ ಸಮುದ್ರ ಸೇರುವ ಕಡೆ, ಉಪ್ಪುನೀರು ದಿನಕ್ಕೆ ಎರಡು ಸಲ ಊರೊಳಗೆ ಬಂದು ಹೋಗುವ ಕಡೆ, ಹಿರೇಬೇಣ ಅಂತ ಒಂದು ಊರು. ಆ ಊರಿನ ಕಡವಿನಲ್ಲಿ ದೋಣಿ ದಾಟಿಸುವ ಅಂಬಿಗ ಒಬ್ಬನಿದ್ದನಂತೆ. ಅವನ ಹೆಸರು ಬೊಮ್ಮಯ್ಯ.

ಅವನ ವಿಷಯ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕಣ್ಣು ಮುಚ್ಚಿಕೊಂಡೇ ದೋಣಿ ನಡೆಸುತ್ತಿದ್ದನಂತೆ. ಅವನ ದೋಣಿ ಕಂಡರೆ ಮೊಸಳೆ ದಾರಿ ಬಿಡುತ್ತಿತ್ತಂತೆ. ಇದನ್ನು ಮಾತ್ರ ನಾನು ನಂಬೋದಿಲ್ಲ, ನಮ್ಮ ಹೊಳೆಯಲ್ಲಿ ಮೊಸಳೆ ಎಲ್ಲಿಂದ ಬರಬೇಕು? ಆದರೆ ಒಂದು ಮಾತಿಗೆ ಎಲ್ಲರೂ ತಲೆ ಆಡಿಸ್ತಾರೆ. ಬೊಮ್ಮಯ್ಯನಿಗೆ ನೀರಿನ ಲೆಕ್ಕ ತಪ್ಪುತ್ತಿರಲಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸರಿ, ಉಬ್ಬರ ಯಾವಾಗ, ಇಳಿತ ಯಾವಾಗ, ಯಾವ ಮನೆಯ ಎಷ್ಟನೇ ಮೆಟ್ಟಿಲಿಗೆ ನೀರು ಮುಟ್ಟುತ್ತದೆ, ಎಲ್ಲ ಹೇಳಿಬಿಡುತ್ತಿದ್ದ. ಚಿಪ್ಪು ಹೆಕ್ಕಲು ಹೋಗುವ ಹೆಂಗಸರು ಅವನನ್ನು ಕೇಳಿಯೇ ಹೊಳೆಗಿಳಿಯುತ್ತಿದ್ದರು. ಮದುವೆ ದಿಬ್ಬಣದವರು ಪುರೋಹಿತರ ಮುಹೂರ್ತ ಒಂದು, ಬೊಮ್ಮಯ್ಯನ ಮುಹೂರ್ತ ಒಂದು ಅಂತ ಎರಡು ಕೇಳುತ್ತಿದ್ದರು.

ಅವನಿಗೆ ಹೆಂಡತಿ ಇಲ್ಲ, ತೀರಿಹೋಗಿದ್ದಳು. ಮಕ್ಕಳಿಲ್ಲ, ಗದ್ದೆಯಿಲ್ಲ. ಒಂದು ದೋಣಿ, ಒಂದು ಗುಡಿಸಲು, ಮತ್ತೆ ಲೆಕ್ಕ ತಪ್ಪದವನು ಅನ್ನುವ ಹೆಸರು. ಆಸ್ತಿ ಅಂದರೆ ಅಷ್ಟೇ.

ಈಗ ಮಂಕಾಳಿಯ ಕತೆಗೆ ಬರ್ತೇನೆ. ಹೊಳೆಯ ಆಚೆಗೆ ಕಾಂಡ್ಲಕುರ್ವೆ ಅಂತ ಒಂದು ನಡುಗಡ್ಡೆ ಊರು. ಸುತ್ತ ನೀರು, ನೀರಿನ ಅಂಚಿಗೆಲ್ಲ ಉಪ್ಪುನೀರಲ್ಲೇ ಬೇರು ಬಿಡುವ ಕಾಂಡ್ಲ ಗಿಡ. ಮಂಕಾಳಿ ಆ ಊರಿನ ಮಗಳು. ಹಿರೇಬೇಣದ ಹಮ್ಮಣ್ಣ ನಾಯ್ಕರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಒಳ್ಳೆಯವನೇ, ಆದರೆ ಅಪ್ಪನ ಎದುರು ಅವನಿಗೆ ಬಾಯಿಯಿಲ್ಲ.

ಹಮ್ಮಣ್ಣ ನಾಯ್ಕರದ್ದು ಒಂದು ಗಜನಿ ಗದ್ದೆ ಕಾಂಡ್ಲಕುರ್ವೆಯಲ್ಲಿತ್ತು. ಗಜನಿ ಅಂದರೆ ಹೊಳೆದಂಡೆಯ ಉಪ್ಪುನೆಲದ ಗದ್ದೆ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಗೊಂದು ಹಲಗೆಯ ಬಾಗಿಲು. ಉಬ್ಬರ ಬರುವ ಮೊದಲು ಹಲಗೆ ಇಳಿಸಬೇಕು. ಆ ಹಲಗೆ ಕಾಯುತ್ತಿದ್ದವನು ಮಂಕಾಳಿಯ ಅಪ್ಪ. ಮದುವೆಯಾದ ವರ್ಷವೇ ಒಂದು ದಿನ ಅವನು ಹಲಗೆ ಇಳಿಸುವ ಹೊತ್ತಿಗೆ ತಡವಾಯಿತು. ನೀರು ನುಗ್ಗಿತು. ಆಗಷ್ಟೇ ಎದ್ದಿದ್ದ ಸಸಿಯೆಲ್ಲ ಉಪ್ಪಿಗೆ ಸುಟ್ಟುಹೋಯಿತು. ನೀರಿನ ಲೆಕ್ಕ ತಪ್ಪಿತು, ಬೇಕಂತ ಮಾಡಿದ್ದಲ್ಲ ಅಂತ ಅವನು ಕಾಲಿಗೆ ಬಿದ್ದ. ಹಮ್ಮಣ್ಣ ನಾಯ್ಕರು ಕೇಳಲಿಲ್ಲ. ಹೊಳೆಯಲ್ಲಿ ಹುಟ್ಟಿ ಬೆಳೆದವನಿಗೆ ನೀರಿನ ಲೆಕ್ಕ ತಪ್ಪುವುದು ಅಂದರೇನು, ಇದು ಹೊಟ್ಟೆಕಿಚ್ಚಿನ ಕೆಲಸ ಅಂದರು. ಊರ ದೇವರ ಎದುರು ನಿಂತು, ನನ್ನ ಮನೆಯವರ ಕಾಲು ಇನ್ನು ಕಾಂಡ್ಲಕುರ್ವೆಯ ಮಣ್ಣು ಮುಟ್ಟಬಾರದು ಅಂತ ಆಣೆ ಹಾಕಿಬಿಟ್ಟರು. ತಮ್ಮ ಗದ್ದೆಯನ್ನೂ ಹಾಗೇ ಪಾಳು ಬಿಟ್ಟರು. ಹಟ ಅಂದರೆ ಅಂಥಾ ಹಟ. ಮುಂದಿನ ಮಳೆಗಾಲದೊಳಗೆ ಮಂಕಾಳಿಯ ಅಪ್ಪ ಅದೇ ಕೊರಗಿನಲ್ಲಿ ತೀರಿಕೊಂಡ. ಹೆಣದ ಮುಖ ನೋಡಲೂ ಅವಳನ್ನು ಕಳಿಸಲಿಲ್ಲ.

ನಾಲ್ಕು ವರ್ಷ ಹೋಯಿತು. ಈ ದಡದಲ್ಲಿ ನಿಂತರೆ ತವರಿನ ತೆಂಗಿನಮರ ಕಾಣುತ್ತದೆ, ಹೋಗುವ ಹಾಗಿಲ್ಲ. ಗಂಡನ ಮೇಲೆ ತಪ್ಪು ಹೊರಿಸಿದ ಮನೆಗೆ ಅಮ್ಮನೂ ಕಾಲಿಡಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು. ಅವಳ ಅಮ್ಮ ಬೀರಮ್ಮನ ಕಣ್ಣಿಗೆ ಪೊರೆ ಬಂದಿದೆ, ಒಂದು ಕಣ್ಣು ಹೋಗಿದೆ, ಇನ್ನೊಂದರಲ್ಲಿ ಬೆಳಕು ಚೂರೇ ಚೂರು. ದೀಪಾವಳಿಗೆ ಅದೂ ಇರೋದಿಲ್ಲ ಅಂತ ಪಂಡಿತರು ಹೇಳಿದ್ದಾರಂತೆ. ಮಂಕಾಳಿಗೆ ಆಗ ಏಳು ತಿಂಗಳು. ಅಮ್ಮ ತನ್ನ ಮುಖವನ್ನು ಮತ್ತೆ ನೋಡುವುದೇ ಇಲ್ಲ ಅಂತ ಅವಳಿಗೆ ಅನ್ನ ಸೇರಲಿಲ್ಲ.

ಬಸುರಿಯ ಬಯಕೆ ತೀರಿಸದಿದ್ದರೆ ಮನೆಗೆ ಒಳ್ಳೆಯದಲ್ಲ, ಅದು ನಿಮಗೂ ಗೊತ್ತಲ್ಲ. ಅತ್ತೆ ಅವಳ ಬಾಡಿದ ಮುಖ ನೋಡಿ ಏನು ತಿನ್ನಬೇಕು ಅನಿಸ್ತದೆ ಅಂತ ಕೇಳಿದಳು. ಮಂಕಾಳಿ ಮಾವ ಕೂತಿದ್ದ ಜಗಲಿಗೆ ಕೇಳಿಸುವ ಹಾಗೆ ಹೇಳಿದಳಂತೆ:

“ತಿನ್ನುದು ಎಂತದೂ ಬ್ಯಾಡ ಅತ್ತೆ. ಬೊಮ್ಮಯ್ಯಣ್ಣನ ದೋಣಿಲಿ ಕೂತು ಒಂದು ಅರ್ಧ ದಿನ ಹೊಳೆ ನೋಡ್ಬೇಕು ಅನಿಸ್ತದೆ.”

ಹಮ್ಮಣ್ಣ ನಾಯ್ಕರೇನು ದಡ್ಡರೇ? ಹೊಳೆ ನೋಡುವುದು ಅಂದರೆ ಯಾವ ಕಡೆ ನೋಡುವುದು ಅಂತ ಅವರಿಗೆ ಗೊತ್ತಾಯಿತು. ಆದರೆ ಬಯಕೆಗೆ ಇಲ್ಲ ಅನ್ನುವ ಹಾಗಿಲ್ಲ. ಬಹಳ ಹೊತ್ತು ಎಲೆಯಡಿಕೆ ಜಗಿದು, ಹೋಗಲಿ, ಆದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬೇಕು, ಕಾಲು ಆ ಮಣ್ಣು ಮುಟ್ಟಕೂಡದು ಅಂದರಂತೆ.

ಬೊಮ್ಮಯ್ಯನಿಗೆ ಹೇಳಿಕಳಿಸಿದರು. ಅವನು ಆಕಾಶ ನೋಡಿದ, ಬೆರಳು ಮಡಿಚಿದ. ನೂಲಹುಣ್ಣಿಮೆಗೆ ಎರಡು ದಿನ ಮುಂಚೆ, ಬೆಳಗಿನ ಉಬ್ಬರ ದೊಡ್ಡದು, ಮೇಲಿಂದ ಮಳೆನೀರೂ ಸೇರುತ್ತದೆ, ಅವತ್ತು ಹೋಗೋಣ ಅಂದ. ಯಾಕೆ ಅವತ್ತೇ ಅಂತ ಯಾರಿಗೂ ಹೇಳಲಿಲ್ಲ. ಚಿಪ್ಪು ಹೆಕ್ಕುವ ಹೆಂಗಸೊಬ್ಬಳ ಕೈಯಲ್ಲಿ ಬೀರಮ್ಮನಿಗೆ ಮಾತ್ರ ಸುದ್ದಿ ಮುಟ್ಟಿಸಿದ.

ನೇರ ದಾಟಿದರೆ ಕಾಂಡ್ಲಕುರ್ವೆಗೆ ಒಂದು ಎಲೆ ಜಗಿದು ಮುಗಿಯುವಷ್ಟು ಹೊತ್ತು. ಆದರೆ ಅಲ್ಲಿ ಇಳಿದು ನಡೆಯಬೇಕು. ಇಳಿಯದೆ ಹೋಗಬೇಕು ಅಂದರೆ ಹೊಳೆಯ ಕವಲುಗಳಲ್ಲಿ ಸುತ್ತಿ ಸುತ್ತಿ, ನಾಲ್ಕು ಊರಿನ ಹಿತ್ತಿಲು ದಾಟಿ ಹೋಗಬೇಕು. ಬೆಳಕು ಹರಿಯುವಾಗ ಮಂಕಾಳಿ ದೋಣಿ ಹತ್ತಿದಳು. ನೀರು ಏರುತ್ತಿತ್ತು. ಬೊಮ್ಮಯ್ಯ ಹುಟ್ಟು ಹಾಕಲೇ ಇಲ್ಲವಂತೆ, ಗಳ ಹಿಡಿದು ದಾರಿ ತೋರಿಸಿದನಂತೆ ಅಷ್ಟೇ, ನೀರೇ ಕರೆದುಕೊಂಡು ಹೋಯಿತಂತೆ.

ಅವನು ಮಾತಾಡುವ ಆಳಲ್ಲ. ಅವಳಿಗೂ ಮಾತು ಬೇಕಿರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಕಾಂಡ್ಲದ ಬೇರುಗಳ ಮೇಲೆ ಏಡಿಗಳು ಓಡಾಡುತ್ತಿದ್ದವು. ಮಿಂಚುಳ್ಳಿಯೊಂದು ಮುಂದಿನ ಗೂಟಕ್ಕೆ ಹಾರಿ ಕೂರುವುದು, ದೋಣಿ ಹತ್ತಿರ ಬಂದ ಕೂಡಲೇ ಅದರ ಮುಂದಿನ ಗೂಟಕ್ಕೆ ಹಾರುವುದು, ಹೀಗೇ ದಾರಿಯುದ್ದಕ್ಕೂ ಬಂತು. ಹಿತ್ತಿಲ ಕಲ್ಲುಗಳ ಮೇಲೆ ಹೆಂಗಸರು ಪಾತ್ರೆ ತಿಕ್ಕುತ್ತಿದ್ದರು. ಹಮ್ಮಣ್ಣ ನಾಯ್ಕರ ಸೊಸೆ ಅಂತ ಎಲ್ಲರಿಗೂ ಗುರುತು ಸಿಕ್ಕಿತು, ಎಲ್ಲಿಗೆ ಅಂತ ಒಬ್ಬರೂ ಕೇಳಲಿಲ್ಲ. ಒಬ್ಬಳು ನೀರಿಗಿಳಿದು ಬಂದು ಬೆಲ್ಲದ ಉಂಡೆ ಮಡಿಲಿಗೆ ಹಾಕಿದಳು. ಇನ್ನೊಬ್ಬಳು ಅಬ್ಬಲಿಗೆ ಹೂವಿನ ದಂಡೆ ಕೊಟ್ಟಳು. ಮತ್ತೊಬ್ಬಳ ಕೈಯಲ್ಲಿ ಕೊಡಲು ಏನೂ ಇರಲಿಲ್ಲ, ಅವಳು ಹೊಟ್ಟೆ ಮುಟ್ಟಿ ಹಣೆಗೆ ಒತ್ತಿಕೊಂಡಳು. ಮಂಕಾಳಿಗೆ ಕಣ್ಣು ತುಂಬಿ ಬಂತು, ಆದರೆ ಅದು ದುಃಖದ್ದಲ್ಲ.

ಉಬ್ಬರ ತುಂಬುವ ಹೊತ್ತಿಗೆ ದೋಣಿ ಬೀರಮ್ಮನ ಹಿತ್ತಿಲಿಗೆ ಬಂತು. ಬೊಮ್ಮಯ್ಯ ಆ ದಿನವನ್ನೇ ಯಾಕೆ ಹೇಳಿದ ಅಂತ ಆಗ ಗೊತ್ತಾಯಿತು. ನೀರು ಮೆಟ್ಟಿಲು ಮುಳುಗಿಸಿ ಹಿಂಜಗಲಿಯ ಅಂಚಿಗೆ ಬಂದು ನಿಂತಿತ್ತು. ಅವನು ಹಗ್ಗವನ್ನು ಜಗಲಿಯ ಕಂಬಕ್ಕೇ ಕಟ್ಟಿದ. ಅಮ್ಮ ಜಗಲಿಯಲ್ಲಿ, ಮಗಳು ದೋಣಿಯಲ್ಲಿ, ನಡುವೆ ಒಂದು ಗೇಣಿಲ್ಲ. ಕಾಲು ಮಣ್ಣು ಮುಟ್ಟಲಿಲ್ಲ, ಆಣೆ ಮುರಿಯಲಿಲ್ಲ.

ಬೀರಮ್ಮ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕು ಉಳಿದಿದ್ದ ಕಣ್ಣಿನ ಹತ್ತಿರಕ್ಕೆ ತಂದುಕೊಂಡಳಂತೆ. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕೆಂಪಕ್ಕಿ ಅನ್ನ, ಸಿಗಡಿ ಪಲ್ಯ, ಒಂದೇ ಬಾಳೆಲೆಯಲ್ಲಿ ಇಬ್ಬರೂ ಉಂಡರು. ಆಮೇಲೆ ಮಗಳ ತಲೆಯನ್ನು ಜಗಲಿಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಲು ಕೂತಳು. ಬೊಮ್ಮಯ್ಯ ದೋಣಿಯ ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದ.

ನೀರಿನ ಮೇಲೆ ಒಂದು ಹಲಸಿನ ಎಲೆ ಒಳಗೆ ಬರುತ್ತಿತ್ತು. ಅದು ನಿಂತಿತು. ಆಮೇಲೆ ಮೆಲ್ಲಗೆ ಹೊರಗೆ ಹೋಗಲು ಶುರುವಾಯಿತು. ಇಳಿತ. ಈಗ ಹೊರಡಬೇಕು, ತಡಮಾಡಿದರೆ ಕವಲು ಬತ್ತಿ ದೋಣಿ ಕೆಸರಲ್ಲಿ ಕೂರುತ್ತದೆ, ಸಂಜೆಯ ಉಬ್ಬರದವರೆಗೆ ಏಳುವುದಿಲ್ಲ. ಆ ಎಲೆಯನ್ನು ಮಂಕಾಳಿ ನೋಡಿದಳು. ಅರ್ಧ ತಲೆಗೆ ಎಣ್ಣೆ ಹಚ್ಚಿತ್ತು, ಇನ್ನರ್ಧ ಹಾಗೇ ಇತ್ತು. ಅಮ್ಮನಿಗೆ ಎಲೆ ಕಾಣಲಿಲ್ಲ, ಕಾಣುವ ಕಣ್ಣೂ ಅಲ್ಲ, ಅವಳು ಮಗಳ ಚಿಕ್ಕಂದಿನ ಏನೋ ಹೇಳುತ್ತಾ ಹಚ್ಚುತ್ತಲೇ ಇದ್ದಳು. ಮಂಕಾಳಿ ಬೊಮ್ಮಯ್ಯನ ಬೆನ್ನು ನೋಡಿದಳು. ಎಲೆ ಅವನ ಮುಂದೆಯೇ ಹಾದುಹೋಯಿತು. ಅವನು ಅಲ್ಲಾಡಲಿಲ್ಲ.

ದೋಣಿಯ ತಳ ಕೆಸರಿಗೆ ಮುಟ್ಟಿದಾಗ ಅವನು ತಿರುಗಿದ.

“ಅಯ್ಯೋ ತಂಗಿ, ಲೆಕ್ಕ ತಪ್ಪಿಹೋಯ್ತಲ್ಲೇ,” ಅಂದ.

ಆ ದಿನ ಬೀರಮ್ಮ ಕೆಸರಿಗಿಳಿದು, ತಡವರಿಸಿಕೊಂಡು ಬಂದು ದೋಣಿ ಹತ್ತಿದಳು. ಅವಳಿಗೇನು ಆಣೆ ಇರಲಿಲ್ಲ. ಮಂಕಾಳಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ಅಪ್ಪ ಹೇಗೆ ಹೋದ ಅಂತ ಕೇಳಿದಳು, ಅಳಬೇಕಾದ್ದೆಲ್ಲ ಅತ್ತಳು, ಆಮೇಲೆ ನಿದ್ದೆ ಮಾಡಿದಳು. ಅಂಥ ನಿದ್ದೆ ಮದುವೆಯಾದ ಮೇಲೆ ಮಾಡಿರಲಿಲ್ಲವಂತೆ. ನೀರು ಮತ್ತೆ ಬಂದು ದೋಣಿ ಎತ್ತುವವರೆಗೂ ಬೊಮ್ಮಯ್ಯ ಕಾಂಡ್ಲದ ನೆರಳಲ್ಲಿ ಕೂತಿದ್ದ.

ಹಿರೇಬೇಣದ ಕಡವಿಗೆ ಬರುವಾಗ ದೀಪ ಹಚ್ಚುವ ಹೊತ್ತು. ಅರ್ಧ ಊರೇ ದಡದಲ್ಲಿ ನಿಂತಿತ್ತು. ಹಮ್ಮಣ್ಣ ನಾಯ್ಕರು ಮಧ್ಯಾಹ್ನದಿಂದ ಉಂಡಿರಲಿಲ್ಲ. ತುಂಬಿದ ಬಸುರಿ, ತುಂಬಿದ ಹೊಳೆ, ಏನಾಯಿತೋ ಅಂತ ದಡದುದ್ದ ಓಡಾಡಿ ಸುಸ್ತಾಗಿದ್ದರು. ಸೊಸೆ ಕ್ಷೇಮವಾಗಿ ಇಳಿದದ್ದು ಕಂಡದ್ದೇ ತಡ, ಆ ಹೆದರಿಕೆಯೆಲ್ಲ ಸಿಟ್ಟಾಯಿತು. ಕಾಲು ಮಣ್ಣು ಮುಟ್ಟಿತೋ ಅಂತ ಕೂಗಿದರು. ಇಲ್ಲ ಅಂದಳು ಮಂಕಾಳಿ. ಹಾಗಾದರೆ ಇಷ್ಟು ಹೊತ್ತು ಎಲ್ಲಿದ್ದೆ ಅಂದರು. ಅವಳು ಬಾಯಿ ತೆರೆಯುವ ಮೊದಲು ಬೊಮ್ಮಯ್ಯ ಮುಂದೆ ಬಂದ. ಎಲ್ಲ ಅಂಬಿಗರೂ ಅಲ್ಲೇ ಇದ್ದರು.

“ನಾಯ್ಕರೇ, ಹುಡುಗಿದು ತಪ್ಪಿಲ್ಲ. ನನಗೆ ನೀರಿನ ಲೆಕ್ಕ ತಪ್ಪಿತು. ದೋಣಿ ಕೆಸರಲ್ಲಿ ಕೂತಿತು.”

ಅಂಬಿಗನಾದವನು ನಾಲ್ಕು ಜನರೆದುರು ಆ ಮಾತು ಹೇಳುವುದು ಅಂದರೆ ತನ್ನ ಮೂಗು ತಾನೇ ಕೊಯ್ದುಕೊಂಡ ಹಾಗೆ.

“ನಿನಗೆ ತಪ್ಪಿತಾ?” ಅಂತ ಕೇಳಿದರಂತೆ ಹಮ್ಮಣ್ಣ ನಾಯ್ಕರು.

“ಹೊಳೆಯವರಿಗೂ ತಪ್ತದೆ ನಾಯ್ಕರೇ.”

ಹಮ್ಮಣ್ಣ ನಾಯ್ಕರು ಮನೆಗೆ ಬಂದರು, ಊಟಕ್ಕೆ ಕೂತರು, ತುತ್ತು ಕಲಸಿದರು, ಎದ್ದುಬಿಟ್ಟರು. ಬೊಮ್ಮಯ್ಯನಿಗೇ ತಪ್ಪುವುದಾದರೆ ಹಲಗೆ ಕಾಯುವ ಬಡಪಾಯಿಗೆ ತಪ್ಪದೆ ಇರುತ್ತದೆಯೇ? ಆ ಮನುಷ್ಯ ಕಾಲಿಗೆ ಬಿದ್ದು ಹೇಳಿದ್ದೂ ಇದೇ ಮಾತಲ್ಲವೇ? ಬೆಳಿಗ್ಗೆ ಯಾರಿಗೂ ಹೇಳದೆ ಕಡವಿಗೆ ಹೋಗಿ ದೋಣಿ ಹತ್ತಿದರಂತೆ. ಕಾಂಡ್ಲಕುರ್ವೆಯಲ್ಲಿ ಇಳಿದು, ಆಣೆ ಮುರಿದ ತಪ್ಪಿಗೆ ಅಲ್ಲಿಯ ದೇವರಿಗೆ ಒಂದು ಕಾಯಿ ಒಡೆದು, ನೇರ ಬೀರಮ್ಮನ ಜಗಲಿಗೆ ಹೋದರು.

“ಅಕ್ಕಾ, ನಿಮ್ಮ ಯಜಮಾನ್ರು ಬೇಕಂತ ಮಾಡಿದ್ದಲ್ಲ. ನನಗೆ ಈಗ ಗೊತ್ತಾಯ್ತು,” ಅಂದರಂತೆ.

ಇಷ್ಟು ಹೇಳಲು ಅವರಿಗೆ ನಾಲ್ಕು ವರ್ಷ ಬೇಕಾಯಿತು ನೋಡಿ. ಮಂಕಾಳಿಯ ಬಾಣಂತನ ತವರಲ್ಲೇ ಆಯಿತು. ದೀಪಾವಳಿಗೆ ಇನ್ನೂ ಎಂಟು ದಿನ ಇರುವಾಗ ಹೆಣ್ಣುಮಗು ಹುಟ್ಟಿತು, ಬೀರಮ್ಮ ಅದರ ಮುಖ ನೋಡಿದಳು. ಪಾಳು ಬಿದ್ದ ಗಜನಿಯಲ್ಲಿ ಮರುವರ್ಷ ಮತ್ತೆ ಭತ್ತ ಬಿತ್ತಿದರು.

ಬೊಮ್ಮಯ್ಯನ ಹೆಸರು ಮಾತ್ರ ಹೋಯಿತು. ದಿಬ್ಬಣದವರು ಬೇರೆ ಅಂಬಿಗರನ್ನು ಕೇಳತೊಡಗಿದರು. ಅಜ್ಜನಿಗೆ ವಯಸ್ಸಾಯಿತು ಅಂತ ಎಳೆಯ ಅಂಬಿಗರು ನಕ್ಕರು. ಅವನು ಯಾರಿಗೂ ನಿಜ ಹೇಳಲಿಲ್ಲ, ಸಾಯುವವರೆಗೂ ಹೇಳಲಿಲ್ಲ. ಮಂಕಾಳಿಯೂ ಅವನು ಬದುಕಿರುವ ತನಕ ಬಾಯಿ ಬಿಡಲಿಲ್ಲ. ದಿನಾ ಒಂದು ಹೊತ್ತಿನ ಅನ್ನ ಮಾತ್ರ ಅವನ ಗುಡಿಸಲಿಗೆ ತಾನೇ ಒಯ್ದು ಕೊಡುತ್ತಿದ್ದಳಂತೆ. ಅವನು ಹೋದ ಮೇಲೆ, ಹನ್ನೊಂದನೇ ದಿನ, ಇದೇ ಕಡವಿನಲ್ಲಿ ನಿಂತು ಆ ಹಲಸಿನ ಎಲೆಯ ವಿಷಯ ಎಲ್ಲರಿಗೂ ಹೇಳಿದಳು. ನಕ್ಕಿದ್ದ ಅಂಬಿಗರೆಲ್ಲ ತಲೆ ತಗ್ಗಿಸಿದರು.

ಸೇತುವೆ ಬಂತು, ಬಸ್ಸು ಬಂತು. ಆದರೂ ನೂಲಹುಣ್ಣಿಮೆಗೆ ಎರಡು ದಿನ ಮುಂಚೆ ನಮ್ಮ ಕಡೆ ಕೊಟ್ಟ ಹೆಣ್ಣುಮಕ್ಕಳು ದೋಣಿಯಲ್ಲೇ ತವರಿಗೆ ಹೋಗುವುದು, ಕವಲುಗಳಲ್ಲಿ ಸುತ್ತಿಕೊಂಡು, ಮಾತಿಲ್ಲದೆ, ಅರ್ಧ ದಿನ. ಅವತ್ತು ಎಷ್ಟು ತಡವಾಗಿ ಬಂದರೂ ಸೊಸೆಯನ್ನು ಯಾಕೆ ತಡ ಅಂತ ಯಾವ ಮನೆಯಲ್ಲೂ ಕೇಳಬಾರದು.

ನಾನೂ ಒಂದು ವರ್ಷ ಕತ್ತಲಾದ ಮೇಲೆ ಬಂದೆ. ನಮ್ಮತ್ತೆಯ ಬಾಯಿ ನಿಮಗೆ ಗೊತ್ತಿಲ್ಲ, ಮೂರು ಮನೆಗೆ ಕೇಳುವ ಬಾಯಿ. ಹೆದರಿಕೊಂಡೇ ಅಂಗಳಕ್ಕೆ ಕಾಲಿಟ್ಟೆ. ಅವಳು ಒಂದು ತಂಬಿಗೆ ಬಿಸಿನೀರು ತಂದು ನನ್ನ ಕಾಲ ಹತ್ತಿರ ಇಟ್ಟು, ಅಮ್ಮ ಹುಷಾರಿದ್ದಾಳಾ ಅಂತ ಕೇಳಿದಳು.