ಬಾಗಿಲಾಳಿನ ಮಾತು

"ಗುರುಗಳೇ, ಈ ಸ್ಕ್ಯಾನ್‌ಎಫ್ ಅನ್ನು ನಂಬುವುದು ಹೇಗೆ?" ಎಂದು ಧೃತಿ ಕೇಳಿದಳು.

ಮಕ್ಕಳ ಆಸ್ಪತ್ರೆಗೆಂದು ಅವಳು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದಳು. ಮಗುವಿನ ತೂಕ ಹಾಕಿದರೆ ಅದು ಔಷಧದ ಅಳತೆ ಹೇಳಬೇಕು. ಒತ್ತಿದ್ದನ್ನು ಓದಿ ಒಳಗೆ ತಂದುಕೊಡುವುದು ಸ್ಕ್ಯಾನ್‌ಎಫ್ ಎಂಬ ಆಜ್ಞೆಯ ಕೆಲಸ. ಒಮ್ಮೆ ಒಂದು ಕೂಸಿನ ತೂಕ ಹಾಕುವಾಗ ದಾದಿ ಅಂಕಿಯ ಬದಲು ಅಕ್ಷರ ಒತ್ತಿದಳು. ಯಂತ್ರ ಹಿಂದಿನ ಹುಡುಗನ ತೂಕವನ್ನೇ ಹಿಡಿದು ಲೆಕ್ಕ ಹಾಕಿತು. ದಾದಿಗೆ ಅನುಮಾನ ಬಂದದ್ದರಿಂದ ಕೂಸು ಉಳಿಯಿತು.

ಗುರುಗಳು ಹೇಳಿದರು:

"ಒಬ್ಬ ವೈದ್ಯನಿದ್ದ. ಅವನ ಮನೆಗೆ ಕಿರಿದಾದ ಓಣಿ. ಮುಂದಿನವನನ್ನು ದಾಟಿ ಹಿಂದಿನವನು ಬರುವಂತಿಲ್ಲ. ಬಾಗಿಲಲ್ಲಿ ಒಬ್ಬ ಆಳು. ಆಹಾ, ಎಂಥ ಆಳು! ಈ ಭರಣಿಗೆ ಶುಂಠಿ ಪುಡಿ, ಆ ಭರಣಿಗೆ ಹಿಪ್ಪಲಿ ಪುಡಿ ಎಂದರೆ ಮುಗಿಯಿತು. ಬರಿಗೈಯಲ್ಲಿ ಬಂದವರನ್ನು ಸುಮ್ಮನೆ ದಾಟಿಸುತ್ತಿದ್ದ. ಹೊತ್ತು ತಂದವರ ಮೂಟೆ ಬಿಚ್ಚಿ ನೋಡುತ್ತಿದ್ದ. ಹೇಳಿದ ವಸ್ತುವಾದರೆ ಭರಣಿಯ ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬುತ್ತಿದ್ದ. ಅಲ್ಲವಾದರೆ ಬೈಯುವವನಲ್ಲ, ಬಿಸಾಡುವವನೂ ಅಲ್ಲ. ಮೂಟೆಯನ್ನು ಅಲ್ಲೇ ನಿಲ್ಲಿಸಿ, ಭರಣಿಯ ತಂಟೆಗೆ ಹೋಗದೆ, ಒಳಗೆ ಬಂದು ಎಷ್ಟು ಸಿಕ್ಕಿತೆಂದು ಒಪ್ಪಿಸುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ, ಪುಣ್ಯಾತ್ಮ.

"ಒಮ್ಮೆ ವೈದ್ಯನ ಮಗಳಿಗೇ ಜ್ವರ ಏರಿತು. ಶುಂಠಿ, ಹಿಪ್ಪಲಿ ಎರಡೂ ಬೇಕೆಂದು ಆಳಿಗೆ ಹೇಳಿದ. ಓಣಿಯಲ್ಲಿ ಶುಂಠಿ ಬಂತು. ಅದರ ಹಿಂದೆ ಬಂದದ್ದು ಸಾಸಿವೆ. ಆಳು ಒಳಗೆ ಬಂದು, 'ಒಂದೇ ಬಂತು, ಒಡೆಯಾ' ಎಂದ. ವೈದ್ಯ ಅವಸರದಲ್ಲಿದ್ದ. ತಿರುಗಿಯೂ ನೋಡದೆ 'ಹೂಂ, ಹೂಂ' ಎಂದು ಎರಡೂ ಭರಣಿಗೆ ಕೈ ಹಾಕಿದ. ಎರಡನೆಯದರಲ್ಲಿ ಇದ್ದದ್ದು ಹಿಂದಿನ ದಿನ ಒಬ್ಬ ಜಟ್ಟಿಗೆಂದು ಅರೆದಿಟ್ಟ ಭೇದಿಯ ಪುಡಿ. ಅದನ್ನು ಕುಡಿದ ಮಗು ಬದುಕಿದ್ದೇ ಹೆಚ್ಚು.

"ವೈದ್ಯ ಆಳಿನ ಕುತ್ತಿಗೆಪಟ್ಟಿ ಹಿಡಿದ. 'ಹಿಪ್ಪಲಿ ಬಂದಿಲ್ಲ ಅಂತ ಬೊಗಳೋದಕ್ಕೆ ಏನಾಗಿತ್ತೋ ನಿನಗೆ?'

"'ಒಂದೇ ಬಂತು ಅಂದೆನಲ್ಲಾ, ಒಡೆಯಾ. ಆ ಸಾಸಿವೆಯವನು ಈಗಲೂ ಬಾಗಿಲಲ್ಲೇ ನಿಂತಿದ್ದಾನೆ. ಏನು ಮಾಡಲಿ?' ಎಂದ ಆಳು."

ಧೃತಿಗೆ ಆಳಿನ ಬಗ್ಗೆ ಅಯ್ಯೋ ಎನಿಸಿತು, ಜೊತೆಗೆ ಸಿಟ್ಟೂ ಬಂತು. "ಅಷ್ಟು ನಿಯತ್ತಿನವನು ಗಟ್ಟಿಯಾಗಿ ಕೂಗಿ ಹೇಳಬಾರದಿತ್ತೇ?" ಎಂದಳು.

ಗುರುಗಳು ಅವಳ ಪ್ರೋಗ್ರಾಮನ್ನು ಅವಳ ಕಡೆಗೇ ತಿರುಗಿಸಿದರು.

"ಸ್ಕ್ಯಾನ್‌ಎಫ್ ಕೂಡ ಪ್ರತಿ ಸಲ ಎಷ್ಟು ಸಿಕ್ಕಿತೆಂದು ನಿನಗೆ ಹೇಳುತ್ತಲೇ ಇತ್ತು, ತಾಯಿ, ಅದನ್ನು ನೀನು ಕೇಳಿಸಿಕೊಂಡ ಸಾಲು ಇದರಲ್ಲಿ ಯಾವುದು, ತೋರಿಸು."