ಮುಚ್ಚಳ ತೆಗೆದ ಬಾಟಲಿ

ಮಳೆ ನಿಂತು ನಾಲ್ಕು ದಿನದಿಂದ ಸುಡುಬಿಸಿಲು. ತಾಲ್ಲೂಕು ಆರೋಗ್ಯ ಕಚೇರಿಯ ಕ್ಲರ್ಕಮ್ಮ ಮಳೆ, ಬಿಸಿಲಿನ ಅಂಕಿ ನೋಡಿ, ಡೆಂಗಿ ಬರಬಹುದೆಂದು ಊರಿಗೆ ಎಚ್ಚರಿಕೆ ಬರೆದಳು. ಸಾಹೇಬರು ಸಹಿ ಹಾಕಲಿಲ್ಲ.

"ಒಬ್ಬ ರೋಗಿಯೂ ಇಲ್ಲ, ಎಚ್ಚರಿಕೆ ಯಾತಕ್ಕೆ? ಸೊಳ್ಳೆಪರದೆ ಅಂಗಡಿಯವನು ನಿಮಗೆ ನೆಂಟನೇನು? ನನಗೆ ಸಾಕ್ಷಿ ಬೇಕು!"

ಅವಳು ಒಂದು ಬಾಟಲಿ ನೀರು ತಂದು, ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದಳು. ಒಳಗೆ ಹುಳುಗಳು ಮಿಸುಕಾಡುತ್ತಿದ್ದವು.

"ಸೊಳ್ಳೆಮರಿ ಸಾರ್. ಈ ಸೆಕೆಗೆ ನಾಳಿದ್ದಿನ ಹೊತ್ತಿಗೆ ರೆಕ್ಕೆ ಬರುತ್ತೆ. ಇಲ್ಲೇ ಇರಲಿ. ನಿಮಗೇ ಮೊದಲು ಜ್ವರ ಬಂದರೆ, ಸಾಕ್ಷಿ ಅಂತ ಫೈಲಿಗೆ ಸೇರಿಸ್ತೀನಿ."

ಸಾಹೇಬರು ತಾವೇ ಮುಚ್ಚಳ ಬಿಗಿದು ಸಹಿ ಹಾಕಿದರು. ಆದರೂ ಅನುಮಾನ ಬಿಡಲಿಲ್ಲ.

"ಈ ನೀರು ಎಲ್ಲಿಂದ ತಂದ್ರಿ?"

"ನಿಮ್ಮ ಕುರ್ಚಿ ಹಿಂದಿನ ಏರ್ ಕೂಲರಿನಿಂದ ಸಾರ್."

ಸಾಹೇಬರ ಎರಡೂ ಕಾಲು ಕುರ್ಚಿಯ ಮೇಲೇರಿದವು.